ಉಷ್ಣಪಂಪು ಮತ್ತು ಶಕ್ತಿ ಸಂಹಿತೆ: ಕ್ಯಾಲಿಫೋರ್ನಿಯದ ಲೆಕ್ಕಾಚಾರದ ಇತಿಹಾಸ

೧. ಪೀಠಿಕೆ

ರಾಜ್ಯಾಧಿಕಾರವು ಪ್ರಜೆಗಳ ಮನೆಯ ಗೋಡೆಗೂ ಕಿಟಕಿಗೂ ನಿಯಮಗಳನ್ನು ವಿಧಿಸುವುದು ಹೊಸ ಸಂಗತಿಯೇನೂ ಅಲ್ಲ. ೧೬೬೬ರ ಮಹಾಗ್ನಿಯಲ್ಲಿ ಲಂಡನ್ ನಗರದ ಬಹುಭಾಗವು ಸುಟ್ಟುಹೋದ ಮರುವರ್ಷವೇ, ಇನ್ನು ಮುಂದೆ ಮನೆಗಳನ್ನು ಇಟ್ಟಿಗೆಯಿಂದಲೋ ಕಲ್ಲಿನಿಂದಲೋ ಕಟ್ಟಬೇಕೆಂದು ಇಂಗ್ಲೆಂಡಿನ ಪಾರ್ಲಿಮೆಂಟು ಶಾಸನ ಮಾಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಂಕ್ರಾಮಿಕ ರೋಗಗಳ ಭಯದಿಂದ ಚರಂಡಿ, ಗಾಳಿ, ಬೆಳಕುಗಳನ್ನು ಕುರಿತ ನಿಯಮಗಳು ಹುಟ್ಟಿದುವು. ೧೯೭೦ರ ದಶಕದಲ್ಲಿ ಈ ಎರಡು ಭಯಗಳ ಜೊತೆಗೆ ಮೂರನೆಯದೊಂದು ಬಂದು ಸೇರಿತು. ಅದು ಇಂಧನದ ಅಭಾವದ ಭಯ. ಅದರಿಂದ ಹುಟ್ಟಿದ ನಿಯಮಸಂಗ್ರಹಗಳನ್ನೇ ಇಂದು ಕಟ್ಟಡಗಳ ಶಕ್ತಿ ಸಂಹಿತೆಗಳೆಂದು ಕರೆಯುತ್ತಾರೆ.

ಆದರೆ ಬೆಂಕಿಯ ನಿಯಮಕ್ಕೂ ಶಕ್ತಿಯ ನಿಯಮಕ್ಕೂ ಒಂದು ಮುಖ್ಯವಾದ ಭೇದವುಂಟು. ಗೋಡೆಯು ಇಟ್ಟಿಗೆಯದೋ ಮರದ್ದೋ ಎಂಬುದನ್ನು ಅಧಿಕಾರಿಯು ಕಣ್ಣಿನಿಂದ ನೋಡಿ ಹೇಳಬಲ್ಲನು. ಇನ್ನೂ ಕಟ್ಟದಿರುವ ಮನೆಯೊಂದು ಮುಂದಿನ ವರ್ಷಗಳಲ್ಲಿ ಎಷ್ಟು ಶಕ್ತಿಯನ್ನು ವ್ಯಯಮಾಡೀತೆಂಬುದನ್ನು ಯಾರೂ ನೋಡಿ ಹೇಳಲಾರರು. ಅದನ್ನು ಲೆಕ್ಕಹಾಕಬೇಕು. ಲೆಕ್ಕಕ್ಕೆ ಕಟ್ಟಡದ ಒಂದು ಗಣಿತರೂಪವೂ, ಅದರೊಳಗಿನ ಯಂತ್ರಗಳ ಗಣಿತರೂಪವೂ ಬೇಕು. ಹೀಗಾಗಿ ಶಕ್ತಿ ಸಂಹಿತೆಯು ತೀರ್ಪು ಕೊಡುವುದು ಕಟ್ಟಡದ ಮೇಲಲ್ಲ, ಕಟ್ಟಡದ ಲೆಕ್ಕದ ಮೇಲೆ.

ಈ ಲೇಖನದಲ್ಲಿ ನಾವು ಉಷ್ಣಪಂಪು, ಅಂದರೆ ಹೀಟ್ ಪಂಪ್ ಎಂಬ ಒಂದೇ ಯಂತ್ರವನ್ನು ಆರಿಸಿಕೊಂಡು, ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ವಿಶೇಷವಾಗಿ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ, ಈ ಲೆಕ್ಕವು ಅದರ ಯೋಗ್ಯತೆಯನ್ನು ಹೇಗೆ ನಿರ್ಣಯಿಸುತ್ತ ಬಂದಿತೆಂಬುದನ್ನು ಪರಿಶೀಲಿಸುತ್ತೇವೆ. ಯಂತ್ರದ ಮೂಲತತ್ತ್ವವು ೧೮೫೨ರಿಂದ ಇಂದಿನವರೆಗೆ ಬದಲಾಗಿಲ್ಲ. ಅದನ್ನು ಕುರಿತ ನ್ಯಾಯ ಮಾತ್ರ ಹಲವು ಬಾರಿ ಬದಲಾಗಿದೆ. ಈ ಬದಲಾವಣೆಗೆ ಮೂರು ಕಾರಣಗಳನ್ನು ನಾವು ಕಾಣುತ್ತೇವೆ: ವಿದ್ಯುತ್ತಿಗೆ ಕೊಟ್ಟ ತೂಕ, ಹೋಲಿಕೆಗೆಂದು ಆರಿಸಿದ ಕಟ್ಟಡ, ಮತ್ತು ಯಂತ್ರವನ್ನು ವರ್ಣಿಸುವ ಗಣಿತರೇಖೆ. ಭೂಕಂದಾಯದ ಇತಿಹಾಸವನ್ನು ಬರೆಯುವವರು ಅರಸರ ಶಾಸನಗಳಷ್ಟೇ ಆಸಕ್ತಿಯಿಂದ ಸರ್ವೆ ಇಲಾಖೆಯ ಕೈಪಿಡಿಗಳನ್ನೂ ಓದುತ್ತಾರೆ. ಈ ವಿಷಯದಲ್ಲಿಯೂ ಲೆಕ್ಕದ ಕೈಪಿಡಿಗಳೇ ಮುಖ್ಯವಾದ ಆಧಾರಗಳು.

೨. ಯಂತ್ರದ ಪೂರ್ವೇತಿಹಾಸ

ಉಷ್ಣವು ತಾನಾಗಿಯೇ ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಹರಿಯುತ್ತದೆ, ನೀರು ತಗ್ಗಿಗೆ ಹರಿಯುವಂತೆ. ನೀರನ್ನು ಮೇಲಕ್ಕೆ ಎತ್ತಲು ಏತವೋ ಪಂಪೋ ಬೇಕಾಗುವಂತೆ, ಉಷ್ಣವನ್ನು ತಣ್ಣನೆಯ ಹೊರಗಾಳಿಯಿಂದ ಬೆಚ್ಚಗಿನ ಕೋಣೆಗೆ ಎತ್ತಲು ಒಂದು ಯಂತ್ರ ಬೇಕು. ಅದೇ ಉಷ್ಣಪಂಪು. ನಮ್ಮ ಮನೆಗಳ ರೆಫ್ರಿಜರೇಟರು ಮಾಡುವುದೂ ಇದೇ ಕೆಲಸವನ್ನೇ. ಅದು ಒಳಗಿನ ಉಷ್ಣವನ್ನು ಹೀರಿ ಬೆನ್ನಿನ ಕಡೆಯಿಂದ ಹೊರಕ್ಕೆ ಚೆಲ್ಲುತ್ತದೆ. ಈ ಯಂತ್ರದ ವಿಶೇಷವೇನೆಂದರೆ, ಅದು ಉಷ್ಣವನ್ನು ಉತ್ಪಾದಿಸುವುದಿಲ್ಲ, ಸಾಗಿಸುತ್ತದೆ. ಆದುದರಿಂದ ಅದಕ್ಕೆ ಕೊಟ್ಟ ವಿದ್ಯುತ್ತಿಗಿಂತ ಹೆಚ್ಚಿನ ಉಷ್ಣವು ಕೋಣೆಗೆ ದೊರೆಯುತ್ತದೆ. ಒಂದು ಪಾಲು ವಿದ್ಯುತ್ತಿಗೆ ಮೂರು ಪಾಲು ಉಷ್ಣ ದೊರೆತರೆ ಅದರ ಕಾರ್ಯಗುಣಾಂಕವು ಮೂರು ಎಂದು ಹೇಳುತ್ತಾರೆ.

ಫ್ರಾನ್ಸಿನ ಸಾದಿ ಕಾರ್ನೋ ೧೮೨೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉಷ್ಣಯಂತ್ರಗಳ ತತ್ತ್ವವನ್ನು ವಿವೇಚಿಸಿದನು. ಆ ತತ್ತ್ವವನ್ನು ತಿರುಗುಮುರುಗಾಗಿಸಿ ಕಟ್ಟಡಗಳನ್ನು ಬಿಸಿಮಾಡಬಹುದೆಂದೂ, ಹಾಗೆ ಮಾಡಿದರೆ ಇಂಧನವನ್ನು ನೇರವಾಗಿ ಉರಿಸುವುದಕ್ಕಿಂತ ಮಿತವ್ಯಯವಾಗುವುದೆಂದೂ ೧೮೫೨ರಲ್ಲಿ ಗ್ಲಾಸ್ಗೋ ನಗರದ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು, ತೋರಿಸಿಕೊಟ್ಟನು. ಅದೇ ದಶಕದಲ್ಲಿ ಆಸ್ಟ್ರಿಯದ ಪೀಟರ್ ಫಾನ್ ರಿಟ್ಟಿಂಗರ್ ಎಂಬುವನು ಎಬೆನ್‌ಸೇ ಉಪ್ಪಿನ ಕಾರ್ಖಾನೆಯಲ್ಲಿ ಉಪ್ಪುನೀರನ್ನು ಇಂಗಿಸಲು ಇಂತಹ ಯಂತ್ರವೊಂದನ್ನು ನಿರ್ಮಿಸಿದನು.

ಕಟ್ಟಡಗಳಲ್ಲಿ ಇದರ ಬಳಕೆ ಇಪ್ಪತ್ತನೆಯ ಶತಮಾನದ ಮಾತು. ಕಲ್ಲಿದ್ದಲಿನ ಗಣಿಗಳಿಲ್ಲದ, ಆದರೆ ಜಲವಿದ್ಯುತ್ತು ಹೇರಳವಾಗಿದ್ದ ಸ್ವಿಟ್ಸರ್‌ಲೆಂಡಿನಲ್ಲಿ, ಜೂರಿಕ್ ನಗರದ ಪುರಭವನಕ್ಕೆ ೧೯೩೮ರಲ್ಲಿ ಲಿಮ್ಮಾತ್ ನದಿಯ ನೀರಿನಿಂದ ಉಷ್ಣವನ್ನು ಎತ್ತುವ ಪಂಪನ್ನು ಸ್ಥಾಪಿಸಿದರು. ಇಂಗ್ಲೆಂಡಿನ ನಾರಿಚ್ ನಗರದಲ್ಲಿ ೧೯೪೫ರಲ್ಲಿ ಜಾನ್ ಸಮ್ನರ್ ಎಂಬ ವಿದ್ಯುತ್ ಎಂಜಿನಿಯರು ಯುದ್ಧಕಾಲದ ಕೊರತೆಯ ನಡುವೆ ವೆನ್ಸಮ್ ನದಿಯ ನೀರನ್ನು ಆಶ್ರಯಿಸಿ ಇಂತಹದೇ ಪಂಪನ್ನು ಕಟ್ಟಿದನು. ಅಮೆರಿಕದ ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ ೧೯೪೮ರಲ್ಲಿ ಮುಗಿದ ಈಕ್ವಿಟಬಲ್ ಕಟ್ಟಡವು ಅಂತರ್ಜಲದಿಂದ ಉಷ್ಣವನ್ನು ಪಡೆಯುತ್ತಿದ್ದಿತು. ಇಂಧನವು ದುರ್ಲಭವಾದ ಕಡೆಯಲ್ಲಿಯೋ ವಿದ್ಯುತ್ತು ಸುಲಭವಾದ ಕಡೆಯಲ್ಲಿಯೋ ಈ ಯಂತ್ರಕ್ಕೆ ಆಶ್ರಯ ದೊರೆಯಿತೆಂಬುದನ್ನು ಈ ನಿದರ್ಶನಗಳಿಂದ ಊಹಿಸಬಹುದು. ಎಣ್ಣೆಯೂ ಅನಿಲವೂ ಅಗ್ಗವಾಗಿದ್ದ ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಅದನ್ನು ಹೆಚ್ಚು ಜನರು ಕೇಳಲಿಲ್ಲ. ಅಮೆರಿಕದಲ್ಲಿ ಮನೆಗಳಿಗಾಗಿ ಮಾರಿದ ಆ ಕಾಲದ ಪಂಪುಗಳು ಪದೇ ಪದೇ ಕೆಡುತ್ತಿದ್ದುದರಿಂದ ಅವಕ್ಕೆ ಕೆಟ್ಟ ಹೆಸರೂ ಬಂದಿತು.

೩. ೧೯೭೩ರ ತರುವಾಯ

೧೯೭೩ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ಎಣ್ಣೆಯ ರಫ್ತನ್ನು ನಿಲ್ಲಿಸಿದುವು. ಅದರ ಪರಿಣಾಮವಾಗಿ ಹುಟ್ಟಿದ ಶಾಸನಗಳ ಸರಣಿಯು ನಮ್ಮ ವಿಷಯಕ್ಕೆ ತಳಹದಿಯಾಗಿದೆ. ೧೯೭೪ರಲ್ಲಿ ಕ್ಯಾಲಿಫೋರ್ನಿಯವು ವಾರನ್-ಆಲ್‌ಕ್ವಿಸ್ಟ್ ಶಾಸನದ ಮೂಲಕ ತನ್ನದೇ ಆದ ಶಕ್ತಿ ಆಯೋಗವನ್ನು ಸ್ಥಾಪಿಸಿತು. ೧೯೭೫ರಲ್ಲಿ ಶೈತ್ಯೀಕರಣ ಹಾಗೂ ಹವಾನಿಯಂತ್ರಣ ಎಂಜಿನಿಯರುಗಳ ಅಮೆರಿಕನ್ ಸಂಘವಾದ ಆಶ್ರೇ ತನ್ನ ೯೦-೭೫ ಎಂಬ ಮಾನದಂಡವನ್ನು ಪ್ರಕಟಿಸಿತು. ೧೯೭೮ರಲ್ಲಿ ಕ್ಯಾಲಿಫೋರ್ನಿಯದ ಶಕ್ತಿ ಸಂಹಿತೆಯು ಜಾರಿಗೆ ಬಂದಿತು. ಸಂಸ್ಥಾನದ ನಿಯಮಾವಳಿಯಲ್ಲಿ ಅದರ ಸ್ಥಾನವನ್ನನುಸರಿಸಿ ಅದನ್ನು ಟೈಟಲ್ ೨೪ ಎಂದು ಕರೆಯುವುದು ರೂಢಿ.

ಸಂಹಿತೆಯನ್ನು ಪಾಲಿಸುವುದಕ್ಕೆ ಎರಡು ಮಾರ್ಗಗಳು ಏರ್ಪಟ್ಟುವು. ಮೊದಲನೆಯದು ವಿಧಿಮಾರ್ಗ: ಗೋಡೆಗೆ ಇಷ್ಟು ನಿರೋಧಕ, ಕಿಟಕಿಗೆ ಇಂತಹ ಗಾಜು, ಯಂತ್ರಕ್ಕೆ ಇಷ್ಟು ದಕ್ಷತೆ ಎಂದು ಪಟ್ಟಿಯಲ್ಲಿರುವುದನ್ನು ಹಾಗೆಯೇ ಮಾಡುವುದು. ಎರಡನೆಯದು ಫಲಮಾರ್ಗ: ಕಟ್ಟುವವನು ತನಗೆ ಸರಿತೋರಿದಂತೆ ಕಟ್ಟಡವನ್ನು ಯೋಜಿಸಬಹುದು, ಆದರೆ ಅದರ ವಾರ್ಷಿಕ ವ್ಯಯವು ವಿಧಿಮಾರ್ಗದಂತೆ ಕಟ್ಟಿದ ಅದೇ ಅಳತೆಯ ಇನ್ನೊಂದು ಕಟ್ಟಡದ ವ್ಯಯವನ್ನು ಮೀರಬಾರದು. ಈ ಎರಡನೆಯ ಕಟ್ಟಡವು ಕಾಗದದ ಮೇಲಷ್ಟೇ ಇರುತ್ತದೆ. ಇದನ್ನು ನಾವು ಪ್ರಮಾಣ ಕಟ್ಟಡವೆಂದೂ, ನಿಜವಾಗಿ ಕಟ್ಟಲಿರುವುದನ್ನು ಪ್ರಸ್ತಾವಿತ ಕಟ್ಟಡವೆಂದೂ ಕರೆಯೋಣ. ಕಿಟಕಿಗಳನ್ನು ದೊಡ್ಡದಾಗಿ ಇಡಬಯಸುವವನು ಯಂತ್ರದಲ್ಲಿಯೋ ಗೋಡೆಯಲ್ಲಿಯೋ ಅಷ್ಟನ್ನು ಉಳಿಸಿ ತೋರಿಸಿದರಾಯಿತು.

ಎರಡು ಕಟ್ಟಡಗಳ ಒಂದು ವರ್ಷದ ವ್ಯಯವನ್ನು, ಅಂದರೆ ೮,೭೬೦ ಗಂಟೆಗಳ ವ್ಯಯವನ್ನು, ಕೈಯಿಂದ ಲೆಕ್ಕಹಾಕುವುದು ಅಸಾಧ್ಯ. ಆದುದರಿಂದ ಗಣಕಯಂತ್ರದ ಕಾರ್ಯಕ್ರಮಗಳು ಕಾನೂನಿಗೆ ಅನಿವಾರ್ಯವಾದುವು. ಅಮೆರಿಕದ ರಾಷ್ಟ್ರೀಯ ಮಾನಕ ಬ್ಯೂರೋದಲ್ಲಿ ತಾಮಾಮಿ ಕುಸುಡಾ ಅವರು ಕಟ್ಟಡಗಳ ಉಷ್ಣದ ಹೊರೆಯನ್ನು ಗಣಿಸುವ ಕಾರ್ಯಕ್ರಮವನ್ನು ರಚಿಸಿದ್ದರು. ಕ್ಯಾಲಿಫೋರ್ನಿಯದ ಆಯೋಗವೂ ಒಕ್ಕೂಟ ಸರಕಾರದ ಶಕ್ತಿ ಸಂಶೋಧನಾಡಳಿತವೂ ಕೂಡಿ ಧನಸಹಾಯ ಮಾಡಿದ ಕ್ಯಾಲ್-ಎರ್ಡಾ ಎಂಬ ಕಾರ್ಯಕ್ರಮವು ೧೯೭೦ರ ದಶಕದ ಕೊನೆಯ ವರ್ಷಗಳಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಬೆಳೆದು ಡಿ.ಓ.ಇ.-೨ ಎಂಬ ಹೆಸರನ್ನು ಪಡೆಯಿತು. ಅದೇ ಪ್ರಯೋಗಾಲಯದಲ್ಲಿ, ಭೌತವಿಜ್ಞಾನದಿಂದ ಶಕ್ತಿಯ ಮಿತವ್ಯಯದ ಕಡೆಗೆ ತಿರುಗಿದ ಆರ್ಥರ್ ರೋಸೆನ್‌ಫೆಲ್ಡ್ ಅವರ ಬಳಗವು ಸಂಸ್ಥಾನದ ನಿಯಮಗಳಿಗೆ ವೈಜ್ಞಾನಿಕವಾದ ಬೆಂಬಲವನ್ನು ಒದಗಿಸಿತು. ಡಿ.ಓ.ಇ.-೨ರ ಉತ್ತರಾಧಿಕಾರಿಯಾದ ಎನರ್ಜಿಪ್ಲಸ್ ೨೦೦೧ರಲ್ಲಿ ಹೊರಬಿದ್ದಿತು.

ಒಕ್ಕೂಟ ಸರಕಾರವು ಇಡೀ ದೇಶಕ್ಕೆ ಅನ್ವಯಿಸುವ ಫಲಮಾನದಂಡವೊಂದನ್ನು ತರಲು ಯತ್ನಿಸಿ ಸೋತುದನ್ನೂ ಇಲ್ಲಿ ಹೇಳಬೇಕು. ೧೯೭೬ರ ಶಾಸನದ ಆದೇಶದಂತೆ ೧೯೭೯ರಲ್ಲಿ ಸಿದ್ಧವಾದ ಕರಡಿಗೆ ಬಲವಾದ ವಿರೋಧ ಬಂದಿತು. ವಿದ್ಯುತ್ತಿಗೆ ಇತರ ಇಂಧನಗಳಿಗಿಂತ ಎಷ್ಟು ಪಾಲು ಹೆಚ್ಚು ತೂಕ ಕೊಡಬೇಕೆಂಬುದು ಅದರಲ್ಲಿ ವಿವಾದದ ಒಂದು ವಿಷಯವಾಗಿದ್ದಿತು. ೧೯೮೧ರಲ್ಲಿ ಕಾಂಗ್ರೆಸ್ಸು ಆ ಮಾನದಂಡದ ಕಡ್ಡಾಯವನ್ನು ತೆಗೆದುಹಾಕಿತು. ಅಂದಿನಿಂದ ಕಟ್ಟಡಗಳ ಶಕ್ತಿಯ ವಿಷಯವು ಮುಖ್ಯವಾಗಿ ಸಂಸ್ಥಾನಗಳ ಕೈಯಲ್ಲಿಯೇ ಉಳಿಯಿತು.

೪. ವಿದ್ಯುತ್ತಿನ ತೂಕ

ಉಷ್ಣಪಂಪಿನ ಯೋಗ್ಯತೆಯನ್ನು ನಿರ್ಣಯಿಸಿದ ಮೊದಲನೆಯ ಅಂಶವು ಈ ತೂಕವೇ. ಮನೆಯ ಬಾಗಿಲಿನಲ್ಲಿ ಅಳೆದರೆ, ಒಂದು ಪಾಲು ವಿದ್ಯುತ್ತಿನಿಂದ ಮೂರು ಪಾಲು ಉಷ್ಣ ಕೊಡುವ ಪಂಪಿಗೆ ಸಮನಾದುದು ಬೇರೊಂದಿಲ್ಲ. ಆದರೆ ವಿದ್ಯುತ್ತು ಮನೆಯಲ್ಲಿ ಹುಟ್ಟುವುದಿಲ್ಲ. ಇಂಧನವನ್ನು ಉರಿಸುವ ಅಂದಿನ ವಿದ್ಯುದಾಗಾರದಲ್ಲಿ ಮೂರು ಪಾಲು ಇಂಧನಕ್ಕೆ ಒಂದು ಪಾಲು ವಿದ್ಯುತ್ತು ಹುಟ್ಟುತ್ತದೆಂದು ಎಣಿಸಬಹುದಾಗಿದ್ದಿತು. ಕ್ಯಾಲಿಫೋರ್ನಿಯದ ಸಂಹಿತೆಯು ಬಹುಕಾಲ ಇದೇ ಲೆಕ್ಕವನ್ನು ಹಿಡಿದು, ೩,೪೧೩ ಬಿ.ಟಿ.ಯು. ಉಷ್ಣಕ್ಕೆ ಸಮನಾದ ಒಂದು ಕಿಲೋವಾಟ್-ಗಂಟೆ ವಿದ್ಯುತ್ತನ್ನು ೧೦,೨೩೯ ಬಿ.ಟಿ.ಯು. ಎಂದು ಬರೆದುಕೊಂಡಿತು.

ಇದರ ಅರ್ಥವನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ನೂರು ಪಾಲು ಅನಿಲವನ್ನು ಮನೆಯ ಕುಲುಮೆಯಲ್ಲಿ ನೂರಕ್ಕೆ ಎಂಬತ್ತರ ದಕ್ಷತೆಯಿಂದ ಉರಿಸಿದರೆ ಎಂಬತ್ತು ಪಾಲು ಉಷ್ಣ ದೊರೆಯುತ್ತದೆ. ಅದೇ ಅನಿಲವನ್ನು ವಿದ್ಯುದಾಗಾರದಲ್ಲಿ ಉರಿಸಿ, ಬಂದ ಮೂವತ್ತಮೂರು ಪಾಲು ವಿದ್ಯುತ್ತನ್ನು ಸಾಧಾರಣ ವಿದ್ಯುತ್ ಹೀಟರಿಗೆ ಕೊಟ್ಟರೆ ಮೂವತ್ತಮೂರು ಪಾಲು ಉಷ್ಣ ಮಾತ್ರ ದೊರೆಯುತ್ತದೆ. ಕಾರ್ಯಗುಣಾಂಕ ಮೂರಾಗಿರುವ ಪಂಪಿಗೆ ಕೊಟ್ಟರೆ ತೊಂಬತ್ತೊಂಬತ್ತು ಪಾಲು ದೊರೆಯುತ್ತದೆ. ಗುಣಾಂಕವು ಎರಡಕ್ಕೆ ಇಳಿದರೆ ಅರವತ್ತಾರು. ಆದುದರಿಂದ ಈ ತೂಕದ ಕಟ್ಟಳೆಯಲ್ಲಿ ವಿದ್ಯುತ್ ಹೀಟರು ನಿಸ್ಸಂದೇಹವಾಗಿ ಸೋಲುತ್ತಿದ್ದಿತು. ಉಷ್ಣಪಂಪು ಮಾತ್ರ ಗೆಲ್ಲುವುದೋ ಸೋಲುವುದೋ ಎಂಬುದು ಅದರ ಗುಣಾಂಕವು ಸುಮಾರು ಎರಡೂವರೆಯ ಮೇಲಿದೆಯೋ ಕೆಳಗಿದೆಯೋ ಎಂಬ ಒಂದೇ ಪ್ರಶ್ನೆಯ ಮೇಲೆ ನಿಂತಿದ್ದಿತು. ಈ ಪ್ರಶ್ನೆಗೆ ಉತ್ತರ ಕೊಡಬೇಕಾದುದು ಗಣಿತರೂಪವೇ.

೫. ಪ್ರಮಾಣ ಕಟ್ಟಡ ಮತ್ತು ೧೯೮೭ರ ಶಾಸನ

ಎರಡನೆಯ ಅಂಶವು ಪ್ರಮಾಣ ಕಟ್ಟಡದೊಳಗೆ ಯಾವ ಯಂತ್ರವನ್ನು ಇಡಬೇಕೆಂಬುದು. ಇದನ್ನು ತಿಳಿಯಲು ೧೯೮೭ರ ರಾಷ್ಟ್ರೀಯ ಗೃಹೋಪಕರಣ ಶಕ್ತಿ ಸಂರಕ್ಷಣಾ ಶಾಸನವನ್ನು ನೋಡಬೇಕು. ಬೇರೆ ಬೇರೆ ಸಂಸ್ಥಾನಗಳು ಬೇರೆ ಬೇರೆ ದಕ್ಷತೆಗಳನ್ನು ವಿಧಿಸಿದರೆ ದೇಶವ್ಯಾಪಿಯಾದ ವ್ಯಾಪಾರವು ಕಷ್ಟವಾಗುವುದೆಂದು ತಯಾರಕರು ವಾದಿಸಿದ್ದರು. ಈ ಶಾಸನವು ಉಪಕರಣಗಳಿಗೆ ದೇಶಕ್ಕೆಲ್ಲ ಒಂದೇ ಕನಿಷ್ಠ ದಕ್ಷತೆಯನ್ನು ಗೊತ್ತುಮಾಡಿ, ಅದಕ್ಕೆ ಪ್ರತಿಯಾಗಿ ಸಂಸ್ಥಾನಗಳು ಅದಕ್ಕಿಂತ ಹೆಚ್ಚಿನದನ್ನು ಕಡ್ಡಾಯಮಾಡದಂತೆ ತಡೆಯಿತು.

ಕಟ್ಟಡ ಸಂಹಿತೆಗಳಿಗೆ ಮಾತ್ರ ಕೆಲವು ಷರತ್ತುಗಳ ಮೇಲೆ ವಿನಾಯಿತಿ ದೊರೆಯಿತು. ಅವುಗಳಲ್ಲಿ ಎರಡು ನಮಗೆ ಮುಖ್ಯ. ಪ್ರಮಾಣ ಕಟ್ಟಡವನ್ನು ಹೋಲಿಕೆಗೆ ಬಳಸುವುದಾದರೆ, ಅದರೊಳಗಿನ ಯಂತ್ರದ ದಕ್ಷತೆಯು ರಾಷ್ಟ್ರೀಯ ಕನಿಷ್ಠ ಮಟ್ಟವನ್ನು ಮುಟ್ಟಬೇಕು, ಮೀರಬಾರದು, ಇದು ಒಂದು. ಹೆಚ್ಚು ದಕ್ಷವಾದ ಯಂತ್ರವನ್ನು ಇಟ್ಟವನಿಗೆ ಅದರಿಂದಾದ ಉಳಿತಾಯವನ್ನು ಒಂದಕ್ಕೆ ಒಂದರಂತೆ ಲೆಕ್ಕದಲ್ಲಿ ಜಮಾ ಕೊಡಬೇಕು, ಇದು ಇನ್ನೊಂದು. ಇಲ್ಲಿ ಲೆಕ್ಕವು ಎಂಜಿನಿಯರನ ಸೌಕರ್ಯವಾಗಿ ಉಳಿಯದೆ ಒಕ್ಕೂಟಕ್ಕೂ ಸಂಸ್ಥಾನಕ್ಕೂ ನಡುವಣ ಅಧಿಕಾರದ ಗಡಿಯಾಯಿತು. ಸಂಸ್ಥಾನವು “ಈ ಯಂತ್ರವನ್ನೇ ಕೊಳ್ಳು” ಎಂದು ಹೇಳಲಾರದು. “ಈ ಮೊತ್ತವನ್ನು ಮೀರಬೇಡ” ಎಂದು ಮಾತ್ರ ಹೇಳಬಲ್ಲದು.

ಕ್ಯಾಲಿಫೋರ್ನಿಯವು ಬಹುಕಾಲ ಇಂಧನಗಳ ನಡುವೆ ತಟಸ್ಥವಾಗಿರುವ ನೀತಿಯನ್ನು ಅನುಸರಿಸಿತು. ಪ್ರಸ್ತಾವಿತ ಮನೆಯನ್ನು ಅನಿಲದಿಂದ ಬಿಸಿಮಾಡುವುದಾದರೆ ಪ್ರಮಾಣ ಮನೆಯಲ್ಲಿಯೂ ಅನಿಲದ ಕುಲುಮೆ ಇರುತ್ತಿದ್ದಿತು. ವಿದ್ಯುತ್ತಿನಿಂದ ಬಿಸಿಮಾಡುವುದಾದರೆ ಪ್ರಮಾಣ ಮನೆಯಲ್ಲಿ ಕನಿಷ್ಠ ದಕ್ಷತೆಯ ಉಷ್ಣಪಂಪು ಇರುತ್ತಿದ್ದಿತು. ನೋಡಲು ಇದು ನ್ಯಾಯವಾದ ಕ್ರಮವೇ. ಆದರೆ ಹೀಗೆ ಪಂಪನ್ನು ಪಂಪಿನೊಡನೆಯೂ ಕುಲುಮೆಯನ್ನು ಕುಲುಮೆಯೊಡನೆಯೂ ತೂಗಿದಾಗ, ಕುಲುಮೆಯನ್ನು ಬಿಟ್ಟು ಪಂಪನ್ನು ಆರಿಸಿದವನಿಗೆ ಆ ಆಯ್ಕೆಯಿಂದ ಯಾವ ಜಮೆಯೂ ದೊರೆಯುತ್ತಿರಲಿಲ್ಲ. ಬಿಸಿನೀರಿನ ವಿಷಯದಲ್ಲಿ ವಿದ್ಯುತ್ತನ್ನು ಆರಿಸಿದವನು ಇನ್ನೂ ಕಷ್ಟಕ್ಕೆ ಸಿಕ್ಕುತ್ತಿದ್ದನು; ಅನಿಲದ ಸೌಕರ್ಯವಿದ್ದ ಕಡೆ ಅವನನ್ನು ಅನಿಲದ ಹಂಡೆಯೊಡನೆಯೇ ಹೋಲಿಸುತ್ತಿದ್ದರು. ೨೦೧೯ರ ಸಂಹಿತೆಯಲ್ಲಿಯೇ ಬಿಸಿನೀರಿನ ಉಷ್ಣಪಂಪಿಗೆ ಅದರದೇ ಆದ ಪ್ರಮಾಣವು ದೊರೆತುದು.

೬. ಯಂತ್ರವನ್ನು ವರ್ಣಿಸುವ ರೇಖೆ

ಮೂರನೆಯ ಅಂಶವು ಯಂತ್ರದ ಗಣಿತರೂಪ. ಅನಿಲದ ಕುಲುಮೆಯನ್ನು ವರ್ಣಿಸಲು ಸ್ಥೂಲವಾಗಿ ಒಂದು ಸಂಖ್ಯೆ ಸಾಕು, ಏಕೆಂದರೆ ಹೊರಗೆ ಎಷ್ಟು ಚಳಿಯಿದ್ದರೂ ಅದರ ದಕ್ಷತೆ ಬಹುಮಟ್ಟಿಗೆ ಒಂದೇ. ಉಷ್ಣಪಂಪಿನ ಸ್ವಭಾವ ಹಾಗಲ್ಲ. ಕೋಣೆಯನ್ನು ೨೦ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಇಡಬೇಕಾಗಿ ಹೊರಗಿನ ಉಷ್ಣತೆಯು ಸೊನ್ನೆಯಾಗಿದ್ದರೆ, ಕಾರ್ನೋ ತತ್ತ್ವದಂತೆ ಸಾಧ್ಯವಾದ ಗರಿಷ್ಠ ಗುಣಾಂಕವು ೨೯೩ನ್ನು ೨೦ರಿಂದ ಭಾಗಿಸಿದ ಸಂಖ್ಯೆ, ಅಂದರೆ ಸುಮಾರು ೧೪.೬. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದರೆ ಅದು ೯.೮ಕ್ಕೆ ಇಳಿಯುತ್ತದೆ. ನಿಜವಾದ ಯಂತ್ರವು ಇದರ ಒಂದು ಭಾಗವನ್ನು ಮಾತ್ರ ಸಾಧಿಸುತ್ತದೆಯಾದರೂ ಇಳಿಯುವ ಕ್ರಮವು ಅದಕ್ಕೂ ಅನ್ವಯಿಸುತ್ತದೆ. ಚಳಿ ಹೆಚ್ಚಿದಷ್ಟೂ ಮನೆಗೆ ಹೆಚ್ಚು ಉಷ್ಣ ಬೇಕು. ಅದೇ ಹೊತ್ತಿನಲ್ಲಿ ಪಂಪು ಕೊಡಬಲ್ಲ ಉಷ್ಣವೂ ಅದರ ಗುಣಾಂಕವೂ ತಗ್ಗುತ್ತವೆ. ಹೊರಗಿನ ಸುರುಳಿಯ ಮೇಲೆ ಹಿಮ ಕಟ್ಟಿದರೆ ಅದನ್ನು ಕರಗಿಸಲು ಯಂತ್ರವು ಸ್ವಲ್ಪ ಹೊತ್ತು ಹಿಂದುಮುಂದಾಗಿ ನಡೆಯಬೇಕು. ಪಂಪಿಗೆ ಸಾಲದಾದ ಉಷ್ಣವನ್ನು ಸಾಧಾರಣ ವಿದ್ಯುತ್ ಹೀಟರು ತುಂಬಬೇಕು. ಹಾಗೆ ತುಂಬಿದ ಪ್ರತಿಯೊಂದು ಪಾಲಿನ ಗುಣಾಂಕವೂ ಒಂದೇ.

ಆದುದರಿಂದ ಡಿ.ಓ.ಇ.-೨ರಂತಹ ಕಾರ್ಯಕ್ರಮಗಳಲ್ಲಿ ಉಷ್ಣಪಂಪನ್ನು ಕೆಲವು ರೇಖೆಗಳ ಮೂಲಕ ವರ್ಣಿಸಿದರು. ಹೊರಗಿನ ಮತ್ತು ಒಳಗಿನ ಉಷ್ಣತೆಗಳಿಗೆ ತಕ್ಕಂತೆ ಸಾಮರ್ಥ್ಯವು ಹೇಗೆ ಬದಲಾಗುವುದೆಂದು ಒಂದು ರೇಖೆಯು ತಿಳಿಸುತ್ತದೆ. ವಿದ್ಯುತ್ತಿನ ವ್ಯಯವು ಹೇಗೆ ಬದಲಾಗುವುದೆಂದು ಇನ್ನೊಂದು. ಪೂರ್ಣ ಹೊರೆಯಿಲ್ಲದಾಗ ಎಷ್ಟು ನಷ್ಟವಾಗುವುದೆಂದು ಮತ್ತೊಂದು. ಈ ರೇಖೆಗಳನ್ನು ಪ್ರಯೋಗಶಾಲೆಯ ಪರೀಕ್ಷೆಗಳಿಗೆ ಹೊಂದಿಸುತ್ತಾರೆ. ಅಮೆರಿಕದ ಪರೀಕ್ಷಾಕ್ರಮದಲ್ಲಿ ಪಂಪಿನ ತಾಪನವನ್ನು ಮುಖ್ಯವಾಗಿ ೪೭ ಮತ್ತು ೧೭ ಡಿಗ್ರಿ ಫ್ಯಾರನ್‌ಹೀಟಿನ ಹೊರ ಉಷ್ಣತೆಗಳಲ್ಲಿ, ಅಂದರೆ ಸೆಲ್ಸಿಯಸ್ ಮಾನದಲ್ಲಿ ಸೊನ್ನೆಯ ಮೇಲೆ ೮.೩ ಮತ್ತು ಸೊನ್ನೆಯ ಕೆಳಗೆ ೮.೩ರಲ್ಲಿ, ಅಳೆಯುತ್ತಾರೆ.

ಮೂರನೆಯ ರೇಖೆಯಲ್ಲಿಯೇ ಮುಂದಿನ ಕಲಹದ ಬೀಜವಿದ್ದಿತು. ಹಳೆಯ ಪಂಪಿನ ಕಂಪ್ರೆಸರಿಗೆ ಎರಡೇ ಸ್ಥಿತಿಗಳು: ಪೂರ್ತಿಯಾಗಿ ನಡೆಯುವುದು ಇಲ್ಲವೆ ನಿಲ್ಲುವುದು. ಅರ್ಧ ಹೊರೆಯಿರುವಾಗ ಅದು ನಡೆದು ನಿಂತು, ಮತ್ತೆ ನಡೆದು ನಿಲ್ಲುತ್ತದೆ. ಪ್ರತಿಸಲ ಹೊರಡುವಾಗಲೂ ಸ್ವಲ್ಪ ಶಕ್ತಿ ನಷ್ಟವಾಗುತ್ತದೆ. ಈ ನಷ್ಟವನ್ನು ಪರೀಕ್ಷಿಸಿ ತೋರಿಸದಿದ್ದರೆ ಅದರ ಗುಣಕವನ್ನು ೦.೨೫ ಎಂದು ಭಾವಿಸಬೇಕೆಂಬುದು ಪರೀಕ್ಷಾಕ್ರಮದ ನಿಯಮವಾಗಿದ್ದಿತು. ಅದರಂತೆ ಅರ್ಧ ಹೊರೆಯಲ್ಲಿ ದಕ್ಷತೆಯು ನೂರಕ್ಕೆ ಎಂಬತ್ತೇಳೂವರೆಗೆ ಇಳಿಯುತ್ತದೆ. ಈ ನಡುವೆ ಜಪಾನಿನಲ್ಲಿ ೧೯೮೦ರ ದಶಕದ ಆರಂಭದಿಂದಲೇ ಇನ್ವರ್ಟರ್ ಯಂತ್ರಗಳು ಮಾರುಕಟ್ಟೆಗೆ ಬಂದಿದ್ದುವು. ಇವುಗಳ ಕಂಪ್ರೆಸರು ನಿಲ್ಲದೆ ತನ್ನ ವೇಗವನ್ನು ಹೊರೆಗೆ ತಕ್ಕಂತೆ ಕುಗ್ಗಿಸಿಕೊಳ್ಳುತ್ತದೆ. ಇಂತಹ ಯಂತ್ರವು ಅರ್ಧ ಹೊರೆಯಲ್ಲಿ ಪೂರ್ಣ ಹೊರೆಗಿಂತ ಹೆಚ್ಚು ದಕ್ಷವಾಗಿರಬಲ್ಲದು. ಹಳೆಯ ರೇಖೆಯು ಕೆಳಕ್ಕೆ ಬಾಗಿದ ಕಡೆಯಲ್ಲಿ ಹೊಸ ಯಂತ್ರದ ನಡೆಯು ಮೇಲಕ್ಕೆ ಏರುತ್ತಿದ್ದಿತು.

ಇಂತಹ ಯಂತ್ರಗಳು ಅಮೆರಿಕಕ್ಕೆ ಬಂದಾಗ ಅನುಮೋದಿತ ಕಾರ್ಯಕ್ರಮಗಳಲ್ಲಿ ಅವಕ್ಕೆ ಸರಿಯಾದ ಸ್ಥಾನವಿರಲಿಲ್ಲ. ಗಾಳಿಕೊಳವೆಗಳಿಲ್ಲದೆ ಗೋಡೆಗೆ ತಗಲಿಸುವ ಸಣ್ಣ ಉಷ್ಣಪಂಪನ್ನು ಕುರಿತು ಕ್ಯಾಲಿಫೋರ್ನಿಯದ ಮನೆಗಳ ಲೆಕ್ಕದ ಕೈಪಿಡಿಯು ಹೇಳಿದ ಮಾತು ಗಮನಾರ್ಹವಾಗಿದೆ. ಅದಕ್ಕೆ ಅನುಮೋದಿತವಾದ ವಿಧಾನವೊಂದು ಸಿದ್ಧವಾಗುವವರೆಗೆ, ಅದನ್ನು ಕನಿಷ್ಠ ದಕ್ಷತೆಯ ಸಾಧಾರಣ ಪಂಪೆಂದೇ ಭಾವಿಸಿ, ಇಲ್ಲದ ಗಾಳಿಕೊಳವೆಗಳನ್ನೂ ಇದೆಯೆಂದೇ ಕಲ್ಪಿಸಿ ಲೆಕ್ಕಹಾಕಬೇಕೆಂದು ಅದು ವಿಧಿಸಿತು. ಹೆಚ್ಚು ಹಣ ಕೊಟ್ಟು ಉತ್ತಮವಾದ ಯಂತ್ರವನ್ನು ತಂದವನ ಮನೆಯು ಕಾನೂನಿನ ಕಾಗದದಲ್ಲಿ ಸಾಧಾರಣ ಯಂತ್ರದ ಮನೆಯಾಗಿಯೇ ಕಾಣಿಸಿಕೊಂಡಿತು. ಫಲಮಾರ್ಗದಲ್ಲಿ ಜಮೆಯಿಲ್ಲದ ಯಂತ್ರವನ್ನು ಮನೆ ಕಟ್ಟಿ ಮಾರುವವನು ಏಕೆ ಆರಿಸಿಯಾನು?

ಇದನ್ನು ಕೇವಲ ಅಧಿಕಾರಿಗಳ ಜಡತೆಯೆಂದು ತಳ್ಳಿಹಾಕುವುದು ಇತಿಹಾಸದ ದೃಷ್ಟಿಯಿಂದ ಸರಿಯಾಗಲಾರದು. ಕ್ಯಾಲಿಫೋರ್ನಿಯದ ಸ್ಟಾಕ್ಟನ್ ನಗರದಲ್ಲಿ, ಯಾರೂ ವಾಸಿಸದ ಮನೆಗಳಲ್ಲಿ ವಾಸವಿರುವಂತೆ ಕೃತಕವಾಗಿ ಏರ್ಪಡಿಸಿ, ಇಂತಹ ಪಂಪುಗಳನ್ನು ೨೦೧೦ರ ದಶಕದಲ್ಲಿ ಪರೀಕ್ಷಿಸಿದರು. ನಾಮಫಲಕದ ದಕ್ಷತೆಯೂ ಮನೆಯಲ್ಲಿ ಕಂಡುಬಂದ ದಕ್ಷತೆಯೂ ಯಾವಾಗಲೂ ಒಂದೇ ಆಗಿರಲಿಲ್ಲ. ಪ್ರಯೋಗಶಾಲೆಯಲ್ಲಿ ಯಂತ್ರದ ವೇಗವನ್ನು ಸ್ಥಿರವಾಗಿ ನಿಲ್ಲಿಸಿ ಅಳೆಯುತ್ತಾರೆ. ಮನೆಯಲ್ಲಿ ಅದರ ವೇಗವನ್ನು ನಿರ್ಣಯಿಸುವುದು ತಯಾರಕನು ಒಳಗೆ ಅಡಗಿಸಿರುವ ನಿಯಂತ್ರಣ. ಬಿಸಿಯಾದ ಅಟ್ಟದ ಮೂಲಕ ಗಾಳಿಕೊಳವೆಗಳು ಹಾದುಹೋದರೆ, ನಿಧಾನವಾಗಿ ಹರಿಯುವ ಗಾಳಿಯು ದಾರಿಯಲ್ಲಿಯೇ ಹೆಚ್ಚು ಉಷ್ಣವನ್ನು ಹೀರಿಕೊಂಡು ಲಾಭವನ್ನು ಕಳೆಯುತ್ತದೆ. ನಂಬಿಕೆಗೆ ಆಧಾರ ದೊರೆಯದೆ ಜಮೆ ಕೊಟ್ಟರೆ, ಆ ಜಮೆಯ ಬಲದಿಂದ ಗೋಡೆಯ ನಿರೋಧಕವನ್ನು ಕಡಿಮೆ ಮಾಡಿದ ಮನೆಯು ದಶಕಗಳವರೆಗೆ ಹಾಗೆಯೇ ಉಳಿಯುತ್ತದೆ. ಅದರ ಬಿಲ್ಲನ್ನು ತೆರುವವನು ಮನೆ ಕಟ್ಟಿದವನಲ್ಲ, ಕೊಂಡವನು. ಕೊನೆಗೆ ೨೦೧೯ರ ಸಂಹಿತೆಯ ಅವಧಿಯಲ್ಲಿ ಈ ಬಗೆಯ ಪಂಪುಗಳಿಗೆ ಷರತ್ತುಸಹಿತವಾದ ಜಮೆ ದೊರೆಯಿತು. ಗಾಳಿಕೊಳವೆಗಳಿದ್ದರೆ ಅವು ಬೆಚ್ಚಗಿನ ಆವರಣದ ಒಳಗೇ ಇರಬೇಕು, ವಾಸದ ಕೋಣೆಗಳಿಗೆಲ್ಲ ಗಾಳಿ ತಲುಪಬೇಕು, ಶೀತಕದ್ರವದ ಪ್ರಮಾಣವನ್ನು ಸ್ಥಳದಲ್ಲಿಯೇ ಪರೀಕ್ಷಿಸಿರಬೇಕು ಎಂಬಂತಹ ಷರತ್ತುಗಳು ಅವು. ಲೆಕ್ಕವು ಹೇಳಲಾರದುದನ್ನು ಕಣ್ಣಿನ ತನಿಖೆಯಿಂದ ತುಂಬಿಸಿಕೊಂಡ ಈ ಕ್ರಮದಲ್ಲಿ ಹಳೆಯ ವಿಧಿಮಾರ್ಗದ ನೆರಳನ್ನು ಕಾಣಬಹುದು.

೭. ಹೊಸ ತೂಕ, ಹೊಸ ಪ್ರಮಾಣ

೨೦೦೫ರ ಸಂಹಿತೆಯಲ್ಲಿ ಕ್ಯಾಲಿಫೋರ್ನಿಯವು ವಿದ್ಯುತ್ತಿನ ಸ್ಥಿರವಾದ ತೂಕವನ್ನು ಬಿಟ್ಟುಕೊಟ್ಟಿತು. ವರ್ಷದ ೮,೭೬೦ ಗಂಟೆಗಳಲ್ಲಿ ಪ್ರತಿಯೊಂದು ಗಂಟೆಗೂ ಬೇರೆ ಬೇರೆ ಬೆಲೆ ಕಟ್ಟುವ ಕ್ರಮವು ಬಂದಿತು. ಬೇಸಗೆಯ ಮಧ್ಯಾಹ್ನದಲ್ಲಿ ಎಲ್ಲರ ಹವಾನಿಯಂತ್ರಕಗಳೂ ಒಮ್ಮೆಗೇ ನಡೆಯುವಾಗಿನ ಒಂದು ಯೂನಿಟ್ಟು, ಚಳಿಗಾಲದ ನಡುರಾತ್ರಿಯ ಒಂದು ಯೂನಿಟ್ಟಿಗಿಂತ ದುಬಾರಿಯೆಂದು ಲೆಕ್ಕಕ್ಕೆ ಬಂದಿತು. ಮುಂದೆ ಸೌರವಿದ್ಯುತ್ತು ಹೆಚ್ಚಿದಂತೆ ಮೂರು ಪಾಲು ಇಂಧನಕ್ಕೆ ಒಂದು ಪಾಲು ವಿದ್ಯುತ್ತೆಂಬ ಹಳೆಯ ಸಮೀಕರಣವು ನಿಜಸ್ಥಿತಿಯಿಂದ ದೂರ ಸರಿಯಿತು. ೨೦೨೩ರ ಜನವರಿ ೧ರಂದು ಜಾರಿಗೆ ಬಂದ ೨೦೨೨ರ ಸಂಹಿತೆಯು ಗಂಟೆಗಂಟೆಯ ಮೂಲಶಕ್ತಿಯ ಲೆಕ್ಕವನ್ನೂ ಮನೆಗಳಿಗೆ ಸೇರಿಸಿತು. ಅದಕ್ಕಿಂತ ಮುಖ್ಯವಾಗಿ, ಹೊಸ ಮನೆಗಳ ಪ್ರಮಾಣ ಕಟ್ಟಡದಲ್ಲಿ, ಸಂಸ್ಥಾನದ ಹದಿನಾರು ಹವಾಮಾನ ವಲಯಗಳಿಗೆ ತಕ್ಕಂತೆ, ಕೋಣೆಯ ತಾಪನಕ್ಕೋ ಬಿಸಿನೀರಿಗೋ ಉಷ್ಣಪಂಪನ್ನೇ ಇಟ್ಟಿತು. ೨೦೨೬ರ ಜನವರಿ ೧ನ್ನು ಜಾರಿಯ ದಿನವಾಗಿ ಹೊಂದಿದ ೨೦೨೫ರ ಸಂಹಿತೆಯು ಈ ಕ್ರಮವನ್ನು ಇನ್ನೂ ವಿಸ್ತರಿಸಿತು.

ಈ ಬದಲಾವಣೆಯ ಮಹತ್ತ್ವವು ಅದೇ ಕಾಲದ ಇನ್ನೊಂದು ಘಟನೆಯೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ಬರ್ಕ್ಲಿ ನಗರವು ೨೦೧೯ರಲ್ಲಿ ಹೊಸ ಕಟ್ಟಡಗಳಿಗೆ ಅನಿಲದ ಕೊಳವೆಗಳನ್ನು ನಿಷೇಧಿಸಿತು. ಹೋಟೆಲು ಮಾಲಿಕರ ಸಂಘವು ನ್ಯಾಯಾಲಯಕ್ಕೆ ಹೋಯಿತು. ೨೦೨೩ರ ಏಪ್ರಿಲಿನಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯವು, ಈ ನಿಷೇಧವು ಉಪಕರಣಗಳನ್ನು ಕುರಿತ ರಾಷ್ಟ್ರೀಯ ಶಾಸನಕ್ಕೆ ವಿರುದ್ಧವಾಗಿದೆಯೆಂದು ತೀರ್ಪು ಕೊಟ್ಟಿತು. ನೇರವಾದ ನಿಷೇಧವು ಹೀಗೆ ಬಿದ್ದುಹೋಯಿತು. ೨೦೨೨ರ ಸಂಹಿತೆಯಾದರೋ ಯಾವುದನ್ನೂ ನಿಷೇಧಿಸಲಿಲ್ಲ. ಅನಿಲದ ಕುಲುಮೆಯನ್ನು ಇಡಬಯಸುವವನು ಈಗಲೂ ಇಡಬಹುದು; ಆದರೆ ಅವನ ಮನೆಯನ್ನು ಹೋಲಿಸುವುದು ಉಷ್ಣಪಂಪಿನ ಮನೆಯೊಡನೆ, ಮತ್ತು ಅಂತರವನ್ನು ಅವನು ಬೇರೆಡೆಯಲ್ಲಿ ತುಂಬಿಕೊಡಬೇಕು. ಹಿಂದೆ ಉಷ್ಣಪಂಪು ಹೊತ್ತಿದ್ದ ಸಾಕ್ಷ್ಯದ ಭಾರವನ್ನು ಈಗ ಕುಲುಮೆಯು ಹೊರುತ್ತದೆ.

೮. ಸಮಾರೋಪ

ನಮ್ಮ ದೇಶಕ್ಕೂ ಈ ಚರಿತ್ರೆಯ ಒಂದು ಕವಲು ಬಂದು ಮುಟ್ಟಿದೆ. ೨೦೦೧ರ ಶಕ್ತಿ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ ೨೦೦೭ರಲ್ಲಿ ಪ್ರಕಟವಾಗಿ ೨೦೧೭ರಲ್ಲಿ ಪರಿಷ್ಕೃತವಾದ, ಇ.ಸಿ.ಬಿ.ಸಿ. ಎಂದು ಪ್ರಸಿದ್ಧವಾದ ಸಂಹಿತೆಯು ವಾಣಿಜ್ಯ ಕಟ್ಟಡಗಳಿಗೆ ಇದೇ ಎರಡು ಕಟ್ಟಡಗಳ ಹೋಲಿಕೆಯ ವಿಧಾನವನ್ನು ಒಂದು ಮಾರ್ಗವಾಗಿ ಒಪ್ಪಿದೆ. ಅದು ದೇಶವನ್ನು ಐದು ಹವಾಮಾನ ವಲಯಗಳಾಗಿ ವಿಂಗಡಿಸುತ್ತದೆ. ಬೆಂಗಳೂರು ಸಮಶೀತೋಷ್ಣ ವಲಯಕ್ಕೆ ಸೇರಿದೆ. ಬೆಂಗಳೂರಿನಂತಹ ಊರಿನಲ್ಲಿ ಕೋಣೆಯನ್ನು ಬಿಸಿಮಾಡುವ ಅಗತ್ಯ ಅಲ್ಪ. ಹೋಟೆಲು, ಆಸ್ಪತ್ರೆ, ವಿದ್ಯಾರ್ಥಿನಿಲಯಗಳ ಬಿಸಿನೀರಿಗೆ ಉಷ್ಣಪಂಪು ಒದಗಬಲ್ಲದು. ಅಲ್ಲಿ ಅದಕ್ಕೆ ಎದುರಾಳಿ ಕೆಲವೆಡೆ ಗೀಸರು, ಕೆಲವೆಡೆ ಸೌರಫಲಕ. ಕ್ಯಾಲಿಫೋರ್ನಿಯದ ತೂಕವನ್ನೂ ರೇಖೆಯನ್ನೂ ಹಾಗೆಯೇ ಇಲ್ಲಿಗೆ ತಂದರೆ ನ್ಯಾಯವಾಗಲಾರದೆಂಬುದು ಮೇಲಿನ ವಿವೇಚನೆಯಿಂದ ಸ್ಪಷ್ಟ. ನಮ್ಮ ವಿದ್ಯುತ್ತು ಎಲ್ಲಿಂದ ಬರುತ್ತದೆ, ನಮ್ಮ ಹೊರಗಾಳಿಯ ಉಷ್ಣತೆ ಏನು, ನಮ್ಮ ಮನೆಗಳಲ್ಲಿ ಯಂತ್ರವು ಹೇಗೆ ನಡೆಯುತ್ತದೆ ಎಂಬುದನ್ನು ಅಳೆದು ನೋಡಿಯೇ ಲೆಕ್ಕವನ್ನು ಕಟ್ಟಬೇಕು.

ಇತಿಹಾಸದ ವಿದ್ಯಾರ್ಥಿಗಳು ತಾಂತ್ರಿಕವಾದ ಕೈಪಿಡಿಗಳನ್ನು ಎಂಜಿನಿಯರುಗಳಿಗೆ ಬಿಟ್ಟುಕೊಟ್ಟು, ಶಾಸನಸಭೆಯ ಚರ್ಚೆಗಳಲ್ಲಿಯೂ ನ್ಯಾಯಾಲಯದ ತೀರ್ಪುಗಳಲ್ಲಿಯೂ ಮಾತ್ರ ರಾಜ್ಯದ ಸಂಕಲ್ಪವನ್ನು ಹುಡುಕುವುದು ವಾಡಿಕೆ. ಉಷ್ಣಪಂಪಿನ ಚರಿತ್ರೆಯು ಈ ವಾಡಿಕೆಯ ಕೊರತೆಯನ್ನು ತೋರಿಸುತ್ತದೆ. ಒಂದು ಯೂನಿಟ್ಟು ವಿದ್ಯುತ್ತನ್ನು ೧೦,೨೩೯ ಎಂದು ಬರೆದುದು, ಪ್ರಮಾಣ ಮನೆಯಲ್ಲಿ ಕುಲುಮೆಯನ್ನು ಇಟ್ಟು ಮುಂದೆ ಅದನ್ನು ತೆಗೆದುದು, ಇಲ್ಲದ ಗಾಳಿಕೊಳವೆಯನ್ನು ಇದೆಯೆಂದು ಎಣಿಸಿದುದು, ಇವೆಲ್ಲವೂ ಕೈಪಿಡಿಯ ಪುಟಗಳಲ್ಲಿ ನಡೆದ ನಿರ್ಣಯಗಳು. ಅವುಗಳನ್ನು ಕುರಿತು ಜನಸಾಮಾನ್ಯರಲ್ಲಿ ಚರ್ಚೆ ನಡೆದುದು ಅಪರೂಪ. ಆದರೆ ಲಕ್ಷಾಂತರ ಮನೆಗಳಲ್ಲಿ ಯಾವ ಯಂತ್ರವಿರಬೇಕು, ಯಾರು ಎಷ್ಟು ಬಿಲ್ಲನ್ನು ತೆರಬೇಕು ಎಂಬುದು ಅವುಗಳಿಂದ ನಿರ್ಣಯವಾಯಿತು. ಇಂತಹ ಕೈಪಿಡಿಗಳನ್ನು ಓದಲು ಬೇಕಾದ ಗಣಿತವು ಹೆಚ್ಚಿನದೇನೂ ಅಲ್ಲ. ನಮ್ಮಲ್ಲಿ ಈ ಸಂಹಿತೆಗಳು ಇನ್ನೂ ರೂಪುಗೊಳ್ಳುತ್ತಿರುವಾಗಲೇ, ಅವುಗಳ ಲೆಕ್ಕಕ್ರಮದ ಪ್ರತಿಯೊಂದು ಆವೃತ್ತಿಯನ್ನೂ ಗ್ರಂಥಭಂಡಾರಗಳಲ್ಲಿ ಕಾದಿರಿಸಿ ಪರಿಶೀಲಿಸುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಕೊಂಡರೆ, ಮುಂದಿನ ಇತಿಹಾಸಕಾರರಿಗೆ ಅದರಿಂದ ಮಹದುಪಕಾರವಾಗುವುದು.